ಟಿ.ಸಿ. ಕೇಳಿದ ಮಗಳಿಗೆ

ಕೊಪ್ಪಳ, ಶುಕ್ರವಾರ

ಚಿ. ಅನ್ನಪೂರ್ಣಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

‘ಟಿ.ಸಿ. ತೆಗೆದುಕೊಂಡು ಊರಿಗೆ ಬರುತ್ತೇನೆ, ಬಳ್ಳಾರಿ ಸಾಕು’ ಎಂದು ನಿನ್ನೆ ರಾತ್ರಿ ಫೋನ್ ಇಟ್ಟವಳು ಮತ್ತೆ ಎತ್ತಲಿಲ್ಲವಾದ್ದರಿಂದ, ಹೇಳಬೇಕಾದದ್ದನ್ನು ಬರೆದು ನಾಳೆ ಅಲ್ಲಿಗೆ ಬರುವ ನಿನ್ನ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ದನಿ ಏರಿದ್ದು ನಿಜ. ಅದು ನಿನ್ನ ಮೇಲಿನ ಸಿಟ್ಟಲ್ಲ. ನಿನ್ನ ಹೆಸರಿನಲ್ಲಿ ಯಾರೋ ಇನ್‌ಸ್ಟಾಗ್ರಾಮಿನಲ್ಲಿ ತೆರೆದ ಆ ನಕಲಿ ಖಾತೆಯಲ್ಲಿ ಏನಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನೀನೂ ನೋಡಿದ್ದೀ, ನಾನೂ ನೋಡಿದ್ದೇನೆ.

ರಾತ್ರಿಯಿಡೀ ನನ್ನ ತಲೆಯಲ್ಲಿ ಸುತ್ತಿದ್ದು ಗವಿಮಠದ ಜಾತ್ರೆ. ನೀನಾಗ ಒಂದನೆಯ ತರಗತಿ. ಮಹಾದಾಸೋಹದ ಸಾಲಿನಲ್ಲಿ ಕೈ ತಪ್ಪಿದೆ. ನಿನ್ನವ್ವ ಅಲ್ಲೇ ಕುಸಿದು ಕುಳಿತಳು, ನಾನು ಹಸಿರು ಲಂಗ ಕಂಡಲ್ಲೆಲ್ಲ ಓಡಿದೆ. ಮೈಕಿನಲ್ಲಿ ‘ಅನಸೂಯಾ ಎಂಬ ಹುಡುಗಿ ಸಿಕ್ಕಿದ್ದಾಳೆ’ ಎಂದು ಕೂಗಿದಾಗ, ಇದು ಬೇರೆ ಯಾರದೋ ಮಗು ಎಂದುಕೊಂಡು ಮತ್ತೊಂದು ದಿಕ್ಕಿಗೆ ಹೊರಟೇಬಿಟ್ಟಿದ್ದೆ. ಅಷ್ಟರಲ್ಲಿ ‘ಅನಸೂಯಾ ಅಲ್ರೀ, ಅನ್ನಪೂರ್ಣಾ!’ ಎಂದು ನಿನ್ನ ದನಿಯೇ ಮೈಕಿನಲ್ಲಿ ಬಂತು. ಬಂದು ನೋಡಿದರೆ ಕೈಯಲ್ಲಿ ಅರ್ಧ ತಿಂದ ಮಿರ್ಚಿ, ಮುಖದಲ್ಲಿ ಸಿಟ್ಟು, ಪಕ್ಕದಲ್ಲಿ ನಗುತ್ತಿದ್ದ ಪೊಲೀಸರು. ಈ ಕಥೆ ತೆಗೆದಾಗಲೆಲ್ಲ ನೀನು ‘ಅಪ್ಪಾ, ಸಾಕು’ ಎನ್ನುತ್ತೀ. ಆದರೂ, ಅಂದು ತಪ್ಪು ಹೆಸರನ್ನು ನೀನು ತಿದ್ದದೆ ಹೋಗಿದ್ದರೆ ಆ ಜನಜಂಗುಳಿಯಲ್ಲಿ ನಾನು ಎತ್ತ ಹೋಗಿರುತ್ತಿದ್ದೆನೋ ಎಂದು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಈಗ ಯಾರೋ ನಿನ್ನ ಹೆಸರು ಹಿಡಿದು ಮಾತನಾಡುತ್ತಿದ್ದಾರೆ. ನೀನು ಸುಮ್ಮನೆ ಊರಿಗೆ ಬಂದುಬಿಟ್ಟರೆ ಅವರ ಮಾತೇ ನಿನ್ನ ಮಾತಾಗಿ ಅಲ್ಲಿ ಉಳಿಯುತ್ತದೆ. ಆದ್ದರಿಂದ ಟಿ.ಸಿ. ಅರ್ಜಿಗೆ ನಾನು ಸಹಿ ಹಾಕುವುದಿಲ್ಲ.

ಮಿಲ್ಲಿನಲ್ಲಿ ಲೆಕ್ಕ ಬರೆಯುವವನಿಗೆ ಚೀಟಿಯಿಲ್ಲದ ಮಾತು ನಿಲ್ಲುವುದಿಲ್ಲವೆಂಬುದು ಚೆನ್ನಾಗಿ ಗೊತ್ತು. ಖಾತೆಯ ಹೆಸರು, ಅದರ ಲಿಂಕ್, ದಿನಾಂಕ, ವೇಳೆ ಎಲ್ಲವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡು. ಆ ಖಾತೆಯಿಂದ ಹುಡುಗರಿಗೆ ಹೋದ ಸಂದೇಶಗಳನ್ನೂ ಅವರಿಂದ ಕೇಳಿ ಪಡೆ. ಅದಾದ ಮೇಲೆಯೇ ಇನ್‌ಸ್ಟಾಗ್ರಾಮಿಗೆ ರಿಪೋರ್ಟ್ ಮಾಡು, ಏಕೆಂದರೆ ಖಾತೆ ಅಳಿದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೊಬ್ಬರ ಸೋಗು ಹಾಕಿದ ಖಾತೆ, ತಿರುಚಿದ ಚಿತ್ರಗಳ ಬಗ್ಗೆ ದೂರು ಬಂದರೆ ತೆಗೆಯಲು 2021ರಲ್ಲಿ ಬಂದ ಐ.ಟಿ. ನಿಯಮಗಳೇ 24 ಗಂಟೆಯ ಗಡುವು ಹಾಕಿದ್ದವು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ, ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದವರಿಗೆ 3 ವರ್ಷದವರೆಗೆ ಸೆರೆಯಿದೆ. ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು, ಮಕ್ಕಳ ಮೇಲಿನ ಕೆಲವು ಅಪರಾಧಗಳಿಗೆ ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಅಂಥ ದೂರು ಎಲ್ಲಿಗೆ ಬಂತೆಂದು ನಮಗೆ ತಿಳಿಯುವುದಿಲ್ಲ. ಹೆಸರು ಹೇಳಿಯೇ ಕೊಡೋಣ.

ಆ ಖಾತೆಯವರಿಗೆ ಮರಳಿ ಬೈದು ಬರೆಯಬೇಡ. ಗ್ರೂಪಿನಲ್ಲಿ ನಕ್ಕವರನ್ನೂ ಈಗ ಕೆಣಕಬೇಡ, ಆದರೆ ನಾಳೆ ಇನ್ನೊಬ್ಬ ಹುಡುಗಿಯ ಚಿತ್ರ ಬಂದಾಗ ನೀನು ಅದನ್ನು ಮುಂದೆ ಕಳಿಸಬೇಡ, ನಗುವ ಗುರುತನ್ನೂ ಒತ್ತಬೇಡ. ಉಪದೇಶ ಮಾಡುವುದಿಲ್ಲವೆಂದು ನಿನ್ನವ್ವನಿಗೆ ಮಾತು ಕೊಟ್ಟೇ ಬರೆಯಲು ಕುಳಿತಿದ್ದೆ.

‘ಮೊದಲು ಆ ಫೋನ್ ಕಸಿದುಕೋ’ ಎಂದು ನಿನ್ನ ದೊಡ್ಡಪ್ಪ ಹೇಳಿದರು. ನಾನು ಒಪ್ಪಲಿಲ್ಲ. ಮುಚ್ಚಿಡದೆ ನಮಗೆ ಹೇಳಿದೆಯಲ್ಲ, ಅದು ನಿನ್ನ ದೊಡ್ಡತನ. ಹೇಳಿದ್ದಕ್ಕೇ ಶಿಕ್ಷೆಯಾದರೆ ಮುಂದೆ ಯಾವ ಮಗು ಬಾಯಿ ಬಿಟ್ಟೀತು? ಊಟ ಬಿಡಬೇಡ, ರಾತ್ರಿ ಒಬ್ಬಳೇ ಕುಳಿತು ಆ ಪುಟ ತೆರೆಯಬೇಡ. ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು; ನಮ್ಮೆದುರು ಆಡಲಾಗದ ಮಾತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಸೋಮವಾರ ರಜೆ ಹಾಕಿ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೊದಲು ಪ್ರಿನ್ಸಿಪಾಲರನ್ನು ಕಾಣೋಣ, ಅಲ್ಲಿಂದ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಬಳ್ಳಾರಿಯ ಸಿಇಎನ್ ಪೊಲೀಸ್ ಠಾಣೆಗೆ ಹೋಗೋಣ. ನಿನ್ನ ಆಧಾರ್ ಪ್ರತಿ ನನ್ನ ಬಳಿ ಇದೆ, ಕಾಲೇಜಿನ ಗುರುತಿನ ಚೀಟಿಯನ್ನು ನೀನು ತೆಗೆದಿಡು. ಮಾವನ ಚೀಲದಲ್ಲಿರುವ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ನಿನ್ನ ರೂಮಿನವರಿಗೂ ಸೇರಿ ಕಟ್ಟಿದ್ದು.

ಇಂತಿ,
ನಿನ್ನ ಅಪ್ಪ