ಪರದೆ ಹಸಿರಾಗಿದ್ದರೂ ಸೈಟಿಗೆ ಹೋಗುವವರು ಬೇಕು

ಮಾನ್ಯರೇ,

ಹೋದ ವಾರ ಈ ಅಂಕಣದಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಪಂಪು, ಮೀಟರು, ಲಿಫ್ಟು, ಬೀದಿದೀಪ ಎಲ್ಲವನ್ನೂ ಈಗ ಒಂದು ಕೋಣೆಯಲ್ಲಿ ಕೂತು ನೋಡಬಹುದು, ಅಲ್ಲಿಂದಲೇ ಸರಿಮಾಡಬಹುದು. ಹಾಗಿರುವಾಗ ಸೈಟಿಗೆ ಓಡಾಡಲು ಜನ ಯಾಕೆ, ಅದು ದಂಡ ಎಂಬುದು ಅವರ ವಾದ. ಬಾಹ್ಯಾಕಾಶ ನೌಕೆಯನ್ನೇ ಭೂಮಿಯಿಂದ ನಡೆಸುವಾಗ ಒಂದು ಪಂಪು ಯಾವ ಲೆಕ್ಕ ಎಂದೂ ಕೇಳಿದ್ದರು.

ನಾನು ಹನ್ನೊಂದು ವರ್ಷದಿಂದ ಅಂಥ ಕೋಣೆಯೊಂದರಲ್ಲೇ ಕೂತಿದ್ದೇನೆ, ಹೆಚ್ಚಾಗಿ ರಾತ್ರಿ ಶಿಫ್ಟಿನಲ್ಲಿ. ನೀರಿನ ಪಂಪುಗಳ ಪಕ್ಕದ ಗೋಡೆಗೆ ಕೂರಿಸಿದ, ಒಳಗೊಂದು ಸಿಮ್ ಇರುವ ಚಿಕ್ಕ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಮೋಟಾರಿನ ಕರೆಂಟು, ಪೈಪಿನ ಒತ್ತಡ, ಟ್ಯಾಂಕಿನ ನೀರಿನ ಮಟ್ಟ ಅಳೆದು, ಐದು ನಿಮಿಷಕ್ಕೊಮ್ಮೆ ಅವು ಸರ್ವರಿಗೆ ಕಳಿಸುತ್ತವೆ. ನಾಲ್ಕು ವರ್ಷದ ಹಿಂದೆ 2,400 ಪೆಟ್ಟಿಗೆಗಳಿದ್ದವು. ಅಂದರೆ ಸೆಕೆಂಡಿಗೆ ಎಂಟು ಪೆಟ್ಟಿಗೆ ಬಂದು ‘ನಾನಿದ್ದೇನೆ’ ಎಂದು ಹೇಳಿ ಹೋಗುತ್ತಿದ್ದವು. ನಾವು ಅವಕ್ಕೆ ಏನಾದರೂ ಹೇಳಬೇಕಿದ್ದರೂ ಹೀಗೆ ಬಂದಾಗಲೇ ಹೇಳಬೇಕು. ಈ ಕೆಲಸ ನನಗೆ ಇಷ್ಟ. ರಾತ್ರಿ ಎರಡು ಗಂಟೆಗೆ ಎಲ್ಲೋ ಪೈಪು ಒಡೆದರೆ, ಯಾರೂ ಫೋನ್ ಮಾಡುವ ಮೊದಲೇ ಒತ್ತಡದ ಗೆರೆ ಕುಸಿದು ನಮಗೆ ಗೊತ್ತಾಗುತ್ತದೆ. ದೂರದಿಂದ ನೋಡಿಕೊಳ್ಳುವುದೇ ಬೇಡ ಎಂದು ನಾನು ಬರೆಯುತ್ತಿಲ್ಲ. ಆ ಪತ್ರದಲ್ಲಿ ಒಂದು ಮುಖ್ಯವಾದ ಸಂಗತಿ ಬಿಟ್ಟುಹೋಗಿದೆ, ಅದನ್ನು ಹೇಳಬೇಕು.

ನಮ್ಮ ಪರದೆಯಲ್ಲಿ ಪ್ರತಿ ಪೆಟ್ಟಿಗೆಗೂ ಒಂದು ಚುಕ್ಕೆ. ಬದುಕಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಂದು ಸಲ ಮಾತು ತಪ್ಪಿದ ಕೂಡಲೇ ಕೆಂಪು ಮಾಡುವುದಿಲ್ಲ. ಸಿಗ್ನಲ್ ಒಂದು ಗಳಿಗೆ ಹೋಗಿ ಬರುವುದು ಮಾಮೂಲಿ. ಅದಕ್ಕೆಲ್ಲ ಅಲರ್ಟ್ ಕೊಟ್ಟರೆ ರಾತ್ರಿಯಿಡೀ ಅದೇ ಸದ್ದು. ಸುಳ್ಳು ಅಲರ್ಟ್ ಕೇಳಿ ಕೇಳಿ, ನಿಜವಾದದ್ದು ಬಂದಾಗ ಯಾರೂ ತಲೆ ಎತ್ತುವುದಿಲ್ಲ. ಅದಕ್ಕೇ ಸತತ ಮೂರು ಸಲ ತಪ್ಪಿದರೆ ಮಾತ್ರ ಕೆಂಪು. ನಿಯಮ ಸರಿಯಾಗಿಯೇ ಇದೆ. ಆದರೆ ಇದರಿಂದ, ಪೆಟ್ಟಿಗೆ ಸತ್ತ ಮೇಲೂ ಹದಿನೈದು ನಿಮಿಷ ಪರದೆಯಲ್ಲಿ ಅದು ಹಸಿರಾಗಿಯೇ ಇರುತ್ತದೆ. ನನಗೆ ಇದು ಗೊತ್ತಿತ್ತು. ಆ ರಾತ್ರಿ ನೆನಪಾಗಲಿಲ್ಲ.

ಹಳೆಯ ಸರ್ವರ್ ತೆಗೆದು ಹೊಸದಕ್ಕೆ ಹೋಗುವ ಕೆಲಸವಿತ್ತು. ಎಲ್ಲ ಪೆಟ್ಟಿಗೆಗಳಿಗೂ ‘ಇನ್ನು ಮೇಲೆ ಈ ವಿಳಾಸಕ್ಕೆ ಮಾತಾಡಿ’ ಎಂದು ಹೇಳಬೇಕು. ಎಚ್ಚರಿಕೆಯಿಂದಲೇ ಶುರುಮಾಡಿದೆ. ಮೊದಲು 50 ಪೆಟ್ಟಿಗೆಗೆ ಮಾತ್ರ ಕಳಿಸಿದೆ. ಹತ್ತು ನಿಮಿಷ ಕಾದೆ. ಐವತ್ತೂ ಹಸಿರು. ಉಳಿದ 2,350ಕ್ಕೂ ಕಳಿಸಿದೆ. ಇನ್ನೂ ಐದು ನಿಮಿಷ ಕಳೆದಿರಬೇಕು, ಮೊದಲ ಐವತ್ತರಲ್ಲಿ ಒಂದು ಚುಕ್ಕೆ ಕೆಂಪಾಯಿತು. ಆಮೇಲೆ ನಾಲ್ಕು. ಆಮೇಲೆ ಸಾಲಾಗಿ. ಕಮಾಂಡ್ ತೆರೆದು ನೋಡಿದರೆ, ಸರ್ವರ್ ವಿಳಾಸದಲ್ಲಿ ಎರಡು ಅಂಕಿ ಅದಲುಬದಲಾಗಿದ್ದವು. ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಪೆಟ್ಟಿಗೆಗಳೂ ನನ್ನ ಮಾತು ಕೇಳಿಸಿಕೊಂಡು, ವಿಧೇಯವಾಗಿ ಆ ತಪ್ಪು ವಿಳಾಸದ ಕಡೆ ಮುಖ ಮಾಡಿಯಾಗಿತ್ತು.

ತಪ್ಪಾಯಿತು, ವಾಪಸ್ ಬನ್ನಿ ಅಂತ ಹೇಳೋಣವೆಂದರೆ ಅವು ನಮ್ಮ ಹತ್ತಿರ ಬಂದರೆ ತಾನೇ ಹೇಳುವುದು? ಆ ತಪ್ಪು ವಿಳಾಸ ಬೇರೆ ಯಾರದ್ದೋ, ಅಲ್ಲಿ ನಮ್ಮ ಸರ್ವರ್ ನಿಲ್ಲಿಸುವಂತಿಲ್ಲ. ಎಸ್ಎಂಎಸ್ ಕಳಿಸಿ ಎಬ್ಬಿಸುವ ಸೌಲಭ್ಯ ಆ ಪೆಟ್ಟಿಗೆಗಳಲ್ಲಿ ಇರಲಿಲ್ಲ. ಕೂತ ಕೊಂಬೆಯನ್ನೇ ಕಡಿದಾಗಿತ್ತು. ಉಳಿದದ್ದು ಒಂದೇ ದಾರಿ. ಒಬ್ಬ ಮನುಷ್ಯ ಲ್ಯಾಪ್‌ಟಾಪ್, ಕೇಬಲ್ ಹಿಡಿದು ಒಂದೊಂದು ಪೆಟ್ಟಿಗೆಯ ಮುಂದೆಯೂ ನಿಂತು ವಿಳಾಸ ತಿದ್ದಬೇಕು.

ಆಗ ನಮ್ಮ ಫೀಲ್ಡ್ ತಂಡದಲ್ಲಿ ಆರು ಜನ. ದಿನಕ್ಕೆ ಒಬ್ಬೊಬ್ಬರು ಹನ್ನೆರಡೋ ಹದಿಮೂರೋ ಪೆಟ್ಟಿಗೆ ಮುಗಿಸುತ್ತಿದ್ದರು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಐದು ವಾರ ದಾಟಿತು. ಅಷ್ಟೂ ದಿನ ಪಂಪುಗಳೇನೋ ಓಡುತ್ತಲೇ ಇದ್ದವು, ನಮಗೆ ಕಾಣುತ್ತಿರಲಿಲ್ಲ ಅಷ್ಟೇ. ಕಾಣದೇ ಇದ್ದದ್ದರಿಂದಲೇ ಒಂದು ಕಡೆ ಬಾವಿ ಬತ್ತಿ, ಪಂಪು ನೀರಿಲ್ಲದೆ ಓಡಿ ಮೋಟಾರು ಸುಟ್ಟಿತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಐದು ವಾರದಲ್ಲಿ ತಂಡದ ಹಿರಿಯರೊಬ್ಬರು ಪ್ರತಿ ಸಂಜೆ ನನಗೆ ಫೋನ್ ಮಾಡುತ್ತಿದ್ದರು. ಬೈಯಲು ಅಲ್ಲ, ಕಂಡದ್ದನ್ನು ಹೇಳಲು. ಮೂರನೇ ದಿನವೋ ನಾಲ್ಕನೇ ದಿನವೋ ಹೇಳಿದರು: “ಮೇಡಂ, ಇಲ್ಲಿ ಒತ್ತಡದ ಸೆನ್ಸರ್ ವೈರು ಇಲಿ ಕಡಿದು ಎಷ್ಟೋ ದಿನ ಆಗಿದೆ. ನಿಮಗೆ ರೀಡಿಂಗ್ ಬರ್ತಿತ್ತಾ?” ಹಳೆಯ ದಾಖಲೆ ತೆಗೆದು ನೋಡಿದೆ. ಬರುತ್ತಿತ್ತು. ಮೂರು ತಿಂಗಳಿಂದ ಒಂದೇ ಸಂಖ್ಯೆ, ಒಂದು ಪಾಯಿಂಟೂ ಆಚೀಚೆ ಇಲ್ಲ. ವೈರು ತುಂಡಾದ ಮೇಲೆ ಪೆಟ್ಟಿಗೆ ಕೊನೆಯ ಅಳತೆಯನ್ನೇ ಹಿಡಿದುಕೊಂಡು ಕಳಿಸುತ್ತಿತ್ತು. ಪರದೆಯಲ್ಲಿ ಮಾತ್ರ ಅಚ್ಚ ಹಸಿರು. ಹಸಿರು ಅಂದರೆ ಪೆಟ್ಟಿಗೆ ಮಾತಾಡುತ್ತಿದೆ ಎಂದಷ್ಟೇ, ಅದು ನಿಜ ಹೇಳುತ್ತಿದೆ ಎಂದು ಯಾರೂ ಖಾತರಿ ಕೊಟ್ಟಿರಲಿಲ್ಲ. ಎಲ್ಲ ಸೈಟು ಮುಗಿಯುವಷ್ಟರಲ್ಲಿ ಇಂಥವು 41 ಸಿಕ್ಕವು. ಈಗ ನಾವು ‘ಸಂಖ್ಯೆ ಬಹಳ ಹೊತ್ತಿನಿಂದ ಅಲುಗಾಡಿಲ್ಲ’ ಎಂಬುದಕ್ಕೇ ಬೇರೆ ಅಲರ್ಟ್ ಇಟ್ಟಿದ್ದೇವೆ. ಅದು ಕೋಣೆಯಲ್ಲಿ ಕೂತ ನಮಗೆ ಹೊಳೆದದ್ದಲ್ಲ, ಆ ಹಿರಿಯರ ಫೋನಿನಿಂದ ಬಂದದ್ದು.

ಇನ್ನು ಬಾಹ್ಯಾಕಾಶ ನೌಕೆಯ ಮಾತು. ಪತ್ರ ಬರೆದವರು ಆ ಉದಾಹರಣೆ ಕೊಟ್ಟದ್ದು ನನಗೆ ಖುಷಿಯಾಯಿತು, ಯಾಕೆಂದರೆ ನನ್ನಿಂದಾದ ತಪ್ಪು ಅಲ್ಲೂ ಆಗಿದೆ. 1977ರಲ್ಲಿ ಹಾರಿದ ವಾಯೇಜರ್ 2 ನೌಕೆಗೆ 2023ರ ಜುಲೈ 21ರಂದು ನಾಸಾದವರು ಕಳಿಸಿದ ಕಮಾಂಡುಗಳಿಂದ ಅದರ ಆಂಟೆನಾ ಭೂಮಿಯ ದಿಕ್ಕಿನಿಂದ ಎರಡು ಡಿಗ್ರಿ ಪಕ್ಕಕ್ಕೆ ತಿರುಗಿತು. ಬರೀ ಎರಡು ಡಿಗ್ರಿ. ಸಂಪರ್ಕ ಕಡಿದುಹೋಯಿತು. ನೌಕೆ ಇದ್ದದ್ದು ಸುಮಾರು 1,990 ಕೋಟಿ ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಲ್ಯಾಪ್‌ಟಾಪ್ ಹಿಡಿದು ಹೋಗುವವರು ಯಾರೂ ಇಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರದ ದೊಡ್ಡ ಆಂಟೆನಾದಿಂದ ಜೋರಾಗಿ ಕೂಗಿದ ಹಾಗೆ ಪ್ರಬಲ ಸಂದೇಶ ಕಳಿಸಿ, ಕೇಳಿಸಿತೋ ಇಲ್ಲವೋ ಎಂದು 37 ಗಂಟೆ ಕಾದರು. ಕೇಳಿಸಿತು. ಆಗಸ್ಟ್ 4ಕ್ಕೆ ನೌಕೆ ಮತ್ತೆ ಮಾತಾಡಿತು.

ಅದು ಕೇಳಿಸಿಕೊಳ್ಳದೇ ಇದ್ದಿದ್ದರೆ? ಆಗಲೂ ನೌಕೆ ಕಳೆದುಹೋಗುತ್ತಿರಲಿಲ್ಲ. ಯಾರೂ ಹೇಳದಿದ್ದರೂ ವರ್ಷಕ್ಕೆ ಹಲವು ಸಲ ತಾನಾಗಿಯೇ ಭೂಮಿಯ ಕಡೆ ಆಂಟೆನಾ ತಿರುಗಿಸಿಕೊಳ್ಳುವಂತೆ ಅದಕ್ಕೆ ಮೊದಲೇ ಹೇಳಿಟ್ಟಿದ್ದರು. ಮುಂದಿನ ಸರದಿ ಅಕ್ಟೋಬರ್ 15ಕ್ಕೆ ಇತ್ತು. ಹೋಗಲು ಆಗದ ಕಡೆಗೆ ಯಂತ್ರ ಕಳಿಸುವವರು, ದಾರಿ ತಪ್ಪಿದರೆ ಮನೆಗೆ ಬರುವುದು ಹೇಗೆ ಎಂದು ಅದಕ್ಕೆ ಕಲಿಸಿಯೇ ಕಳಿಸುತ್ತಾರೆ. ನಮ್ಮ ಗೋಡೆಯ ಪೆಟ್ಟಿಗೆಗಳಿಗೆ ಅಷ್ಟನ್ನೂ ಯಾರೂ ಕಲಿಸಿರಲಿಲ್ಲ.

ಕಲಿಸುವುದು ಕಷ್ಟವೂ ಅಲ್ಲ. ರೂಟರ್, ಅಂದರೆ ಜಾಲದಲ್ಲಿ ಮಾಹಿತಿಗೆ ದಾರಿ ತೋರಿಸುವ ಯಂತ್ರ, ಅದರ ಕೆಲಸ ಮಾಡುವವರಲ್ಲಿ ಹಳೆಯ ರೂಢಿಯೊಂದಿದೆ. ದೂರದ ರೂಟರಿನ ಸೆಟ್ಟಿಂಗ್ ಮುಟ್ಟುವ ಮೊದಲು ‘ಹತ್ತು ನಿಮಿಷಕ್ಕೆ ರೀಸ್ಟಾರ್ಟ್ ಆಗು’ ಎಂದು ಹೇಳಿಡುತ್ತಾರೆ. ಬದಲಾವಣೆ ಸರಿಹೋದರೆ ಆ ಮಾತು ರದ್ದು ಮಾಡಿ, ಹೊಸ ಸೆಟ್ಟಿಂಗ್ ಉಳಿಸುತ್ತಾರೆ. ಸಂಪರ್ಕವೇ ಹೋಯಿತಾ, ಹತ್ತು ನಿಮಿಷಕ್ಕೆ ಅದು ತಾನಾಗಿ ರೀಸ್ಟಾರ್ಟ್ ಆಗಿ ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ನಮ್ಮ ಹೊಸ ಪೆಟ್ಟಿಗೆಗಳಲ್ಲೂ ಈಗ ಇಂಥದ್ದಿದೆ. ಹೊಸ ವಿಳಾಸದಲ್ಲಿ ಒಂದು ಗಂಟೆ ಯಾರೂ ಉತ್ತರ ಕೊಡದಿದ್ದರೆ ಹಳೆಯದಕ್ಕೆ ವಾಪಸ್. ಎರಡು ಬ್ಯಾಚುಗಳ ನಡುವೆ ಕಾಯುವ ಹೊತ್ತು ನಲವತ್ತು ನಿಮಿಷ, ಯಾರೂ ಅವಸರ ಮಾಡುವಂತಿಲ್ಲ.

ಆದರೂ ಸೈಟಿಗೆ ಹೋಗುವವರು ಬೇಡವಾಗುವುದಿಲ್ಲ. ದೊಡ್ಡ ದೊಡ್ಡವರಿಗೇ ಬೇಕಾಗಿದ್ದಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಲಗಿತ್ತು. ಮಾಮೂಲಿ ನಿರ್ವಹಣೆಯ ಒಂದು ಕಮಾಂಡ್ ಅವರ ಡೇಟಾ ಸೆಂಟರುಗಳ ನಡುವಿನ ಜಾಲವನ್ನೇ ಕಡಿದಿತ್ತು. ದೂರದಿಂದ ಒಳಹೋಗುವ ದಾರಿಗಳೂ ಅದರ ಜೊತೆಗೇ ಮುಚ್ಚಿದವು. ಕೊನೆಗೆ ಎಂಜಿನಿಯರುಗಳನ್ನು ಡೇಟಾ ಸೆಂಟರಿಗೇ ಕಳಿಸಬೇಕಾಯಿತು. 2024ರ ಜುಲೈ 19ರಂದು ಕಂಪ್ಯೂಟರುಗಳಿಗೆ ಭದ್ರತಾ ಸಾಫ್ಟ್‌ವೇರ್ ಕೊಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಬಿದ್ದವು. ತಪ್ಪನ್ನು ಅವರು 78 ನಿಮಿಷದಲ್ಲೇ ಹಿಂತೆಗೆದುಕೊಂಡರು. ಆದರೆ ಏಳಲಾರದ ಕಂಪ್ಯೂಟರಿಗೆ ಸರಿಪಡಿಸಿದ್ದನ್ನು ಮುಟ್ಟಿಸುವುದು ಹೇಗೆ? ಬಹಳಷ್ಟು ಕಡೆ ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿನ ಮುಂದೆ ಕೂತು ಸೇಫ್ ಮೋಡಿನಲ್ಲಿ, ಅಂದರೆ ತೀರಾ ಬೇಕಾದಷ್ಟು ಮಾತ್ರ ಏಳುವಂತೆ ಮಾಡಿ, ಅಪ್‌ಡೇಟಿನ ಆ ಒಂದು ಕೆಟ್ಟ ಫೈಲ್ ಅಳಿಸಬೇಕಾಯಿತು.

ನಾವು ದೂರದಿಂದ ಯಂತ್ರದ ಒಳಹೋಗುವ ದಾರಿಯಲ್ಲೇ ಕಳ್ಳರೂ ಬರಬಹುದು, ಅದನ್ನೂ ಮರೆಯುವಂತಿಲ್ಲ. 2022ರ ಫೆಬ್ರವರಿ 24ರಂದು ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್ನೆಟ್ ಜಾಲದ ನಿರ್ವಹಣಾ ವ್ಯವಸ್ಥೆಗೇ ನುಗ್ಗಿದವರು, ಅಲ್ಲಿಂದಲೇ ಕಮಾಂಡ್ ಕಳಿಸಿ ಹತ್ತಾರು ಸಾವಿರ ಮೋಡೆಮುಗಳನ್ನು ಕೆಡಿಸಿದರು. ಆ ಜಾಲದ ಮೂಲಕವೇ ನೋಡಿಕೊಳ್ಳುತ್ತಿದ್ದ, ಜರ್ಮನಿಯ ಸುಮಾರು 5,800 ಗಾಳಿಯಂತ್ರಗಳು ನಿಗಾ ಕೋಣೆಗೆ ಕಾಣದಾದವು. ಗಾಳಿಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವು, ದೂರದ ಸಂಪರ್ಕ ಇಲ್ಲದೆಯೂ ತಮ್ಮ ಕೆಲಸ ಮಾಡುವಂತೆ ಅವನ್ನು ಕಟ್ಟಿದ್ದರು. ಅದು ನನಗೆ ಬಹಳ ಹಿಡಿಸಿದ ವಿಷಯ.

ಹಾಗಾಗಿ ಇಂಥ ವ್ಯವಸ್ಥೆ ಕೊಳ್ಳುವವರಿಗೆ, ಅದಕ್ಕೆ ಸಹಿ ಹಾಕುವವರಿಗೆ ನನ್ನದೊಂದು ಬೇಡಿಕೆ. ಮಾರುವವರು ಚಂದದ ಡ್ಯಾಶ್‌ಬೋರ್ಡ್ ತೋರಿಸುತ್ತಾರೆ. ಸುಮ್ನೆ ಅದನ್ನು ನೋಡಿ ತಲೆಯಾಡಿಸಬೇಡಿ. ಒಂದು ಪೆಟ್ಟಿಗೆಯ ಸಂಪರ್ಕ ತೆಗೆಸಿ, ಆಮೇಲೆ ಅದು ಏನು ಮಾಡುತ್ತದೆ ಎಂದು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ತಪ್ಪು ವಿಳಾಸ ಕೊಟ್ಟರೆ ತಾನಾಗಿ ವಾಪಸ್ ಬರುತ್ತದಾ ನೋಡಿ. ಬರದಿದ್ದರೆ ಯಾರು ಹೋಗುತ್ತಾರೆ, ಎಷ್ಟು ಜನ ಇದ್ದಾರೆ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ.

ಪತ್ರ ಬರೆದ ಓದುಗರಿಗೂ ಒಂದು ಮಾತು. ನೀವು ಹೇಳಿದ್ದು ಆಗಲೇ ನಡೆಯುತ್ತಿದೆ. ಇಲಿ ಕಡಿದ ವೈರು ತೋರಿಸಿಕೊಟ್ಟ ಆ ಹಿರಿಯರು ಹೋದ ವರ್ಷ ನಿವೃತ್ತರಾದರು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಆರು ಜನರಲ್ಲಿ ಈಗ ಮೂವರಿದ್ದಾರೆ. ಪೆಟ್ಟಿಗೆಗಳು 4,000 ಆಗಿವೆ, ಅದರಲ್ಲಿ ಜಾಸ್ತಿ ಇನ್ನೂ ಹಳೆಯವೇ, ತಾವಾಗಿ ವಾಪಸ್ ಬರಲು ಗೊತ್ತಿಲ್ಲದವು. ಇವತ್ತು ರಾತ್ರಿ ನನ್ನಂಥ ಇನ್ನೊಬ್ಬರು ಎರಡು ಅಂಕಿ ಅದಲುಬದಲು ಮಾಡಿ, ಎಲ್ಲವೂ ದಾರಿ ತಪ್ಪಿದರೆ, ಮೂವರು ದಿನಕ್ಕೆ ಹನ್ನೆರಡರಂತೆ ತಿದ್ದುತ್ತಾ ಹೋಗಬೇಕು. ಲೆಕ್ಕ ಹಾಕಿದ್ದೇನೆ. 112 ದಿನ, ಭಾನುವಾರಗಳನ್ನು ಬಿಟ್ಟು.

ಇತಿ,
ನಿಗಾ ಕೋಣೆಯ ರಾತ್ರಿ ಶಿಫ್ಟಿನ ಒಬ್ಬ ಓದುಗಿ