ಕೋಲಾರ ಅಂದರೆ ಅಂತರಗಂಗೆ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಕೋಲಾರದಲ್ಲಿ ನೋಡೋಕೆ ಏನಿದೆ ಎಂದು ಯಾರಾದರೂ ಕೇಳಿದರೆ ಊರಿನವರಾದ ನಾವೇ 'ಅಂತರಗಂಗೆ ಹತ್ತಿ ಬನ್ನಿ' ಎಂದು ಕೈ ತೊಳೆದುಕೊಳ್ಳುತ್ತೇವೆ. ಬೆಂಗಳೂರಿನವರೂ ಹಾಗೇ, ಬೆಳಗಿನ ಜಾವ ಬರುತ್ತಾರೆ, ಬಸವನ ಬಾಯಿಂದ ಬೀಳುವ ನೀರಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ತಿಂಡಿ ಹೊತ್ತಿಗೆ ಹೈವೇ ಹಿಡಿದು ವಾಪಸ್. ಪೇಟೆಯೊಳಗೆ ಕಾಲಿಡುವವರು ಕಡಿಮೆ.

ಕಳೆದ ಭಾನುವಾರ ತಂಗಿ ಮಕ್ಕಳು ಬಂದಿದ್ದರು. ಈ ಸಲ ಬೆಟ್ಟ ಬೇಡ, ಸುಮ್ನೆ ನಡೀರಿ ಎಂದು ಹಳೇ ಬೀದಿಗಳಿಗೆ ಕರೆದುಕೊಂಡು ಹೋದೆ. ಈಗ ಅವರೆಕಾಯಿ ಕಾಲ, ಯಾವ ಓಣಿ ಹೊಕ್ಕರೂ ಸೊಗಡಿನ ವಾಸನೆ. ಒಂದು ಜಗಲಿ ಮೇಲೆ ಮೂವರು ಹೆಂಗಸರು ನೆನೆಸಿದ ಕಾಳು ಹಿದುಕುತ್ತಾ ಕೂತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ, ಸಿಪ್ಪೆ ಕೈಯಲ್ಲೇ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎದುರು ಮನೆಯಾಕೆ ಉರ್ದುವಿನಲ್ಲಿ ಏನೋ ಕೂಗಿದರೆ ಅದಕ್ಕೂ ಇಲ್ಲಿಂದ ಉತ್ತರ ಹೋಯಿತು. ಚಿಕ್ಕವನು ತಾನೂ ಒಂದು ಕಾಳು ಒತ್ತಿದ, ಅದು ಹಾರಿ ಚರಂಡಿಗೆ ಬಿತ್ತು. ಆಮೇಲೆ ಅವನು ಅಲ್ಲಿಂದ ಏಳಲೇ ಇಲ್ಲ.

ಕೋಲಾರಮ್ಮನ ಗುಡಿಯಲ್ಲಿ ದೇವಿಯನ್ನು ನೇರವಾಗಿ ನೋಡುವುದಿಲ್ಲ, ಎದುರಿನ ಕನ್ನಡಿಯಲ್ಲಿ ನೋಡುತ್ತೇವೆ. ಮಕ್ಕಳಿಗೆ ಇದೇ ದೊಡ್ಡ ಸೋಜಿಗ. ಪಕ್ಕದಲ್ಲೇ ಚೇಳಮ್ಮ. ಅಲ್ಲಿ ಕಾಣಿಕೆ ಹಾಕುವುದು ನೆಲದಲ್ಲಿರುವ ಹುಂಡಿಗೆ. ಚೇಳಮ್ಮನಿಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಎಂದು ನನ್ನಜ್ಜಿ ಹೇಳುತ್ತಿದ್ದಳು. ಗೋಡೆ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಅಲ್ಲಿಂದ ನಡೆದೇ ಹೋದರೆ ವಿಜಯನಗರದ ಕಾಲದ ಸೋಮೇಶ್ವರ ಗುಡಿ. ಅದರ ಕಲ್ಯಾಣ ಮಂಟಪದ ಕಂಬಗಳ ಮುಂದೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಇನ್ನು ಹೈದರಾಲಿಯ ತಂದೆ ಫತೇ ಮಹಮ್ಮದನ ಮಕ್ಬರಾ, ಅಂದರೆ ಗೋರಿ. 1782ರಲ್ಲಿ ಹೈದರ್ ತೀರಿಕೊಂಡಾಗ ಅವನ ಶವವನ್ನೂ ಮೊದಲು ಇಲ್ಲೇ ಇಟ್ಟು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಇದು ನಮ್ಮೂರಲ್ಲೇ ಎಷ್ಟು ಜನಕ್ಕೆ ಗೊತ್ತು?

ಗೊತ್ತಾಗುವುದಾದರೂ ಹೇಗೆ? ದಾರಿ ಹೇಳುವ ಒಂದು ಬೋರ್ಡು ನಮಗೆ ಕಾಣಲಿಲ್ಲ. ಗೇಟಿನ ಮುಂದಿನ ಫಲಕ ಕಲ್ಲು ಕೆತ್ತಿದರೆ ಎಷ್ಟು ದಂಡ, ಎಷ್ಟು ಜೈಲು ಎಂದು ಹೆದರಿಸುತ್ತದೆ, ಒಳಗೆ ಏನಿದೆ ಎಂದು ಮಾತ್ರ ಹೇಳುವುದಿಲ್ಲ. ಮೊಬೈಲ್ ಮ್ಯಾಪ್ ಹಿಡಿದುಕೊಂಡು ಮಕ್ಬರಾ ಹುಡುಕುತ್ತಿದ್ದ ಚೆನ್ನೈನ ಗಂಡ ಹೆಂಡತಿ ಸಿಕ್ಕರು. ಮ್ಯಾಪ್ ಅವರನ್ನು ಟೊಮೆಟೊ ಕ್ರೇಟ್ ಇಳಿಸುತ್ತಿದ್ದ ಗೂಡ್ಸ್ ಆಟೊ ಹಿಂದೆ ತಂದು ನಿಲ್ಲಿಸಿತ್ತು, ಮುಂದೆ ದಾರಿಯೇ ಇಲ್ಲ. ಆಟೊ ಹುಡುಗನೇ ಕ್ರೇಟ್ ಕೆಳಗಿಟ್ಟು ಸರಿಯಾದ ತಿರುವಿನವರೆಗೂ ಹೋಗಿ ಬಿಟ್ಟು ಬಂದ. ಹೋಗುವಾಗ ಆಕೆ ಶೌಚಾಲಯ ಎಲ್ಲಿದೆ ಎಂದು ಕೇಳಿದರು. ಹತ್ತಿರದ ಒಂದು ಮನೆಗೆ ಕೇಳಿಕೊಂಡು ಕಳಿಸಬೇಕಾಯಿತು, ನನಗೇ ನಾಚಿಕೆಯಾಯಿತು.

ಕೋಟಿಗಟ್ಟಲೆ ದುಡ್ಡಿನ ಯೋಜನೆ ಯಾರೂ ಕೇಳುತ್ತಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಕನ್ನಡದಲ್ಲಿ ಒಂದು ನಕ್ಷೆ, ತಿರುವುಗಳಲ್ಲಿ ಬಾಣದ ಗುರುತು, ಬೀಗ ಹಾಕದ ಒಂದು ಶೌಚಾಲಯ, ಅಷ್ಟು ಸಾಕು ಅಲ್ವಾ? ಸಂಬಂಧಪಟ್ಟವರು ಗೋಡೆ ತೋರಿಸಿದರೆ ಬಾಣ ಬರೆಯೋಕೆ ಬಣ್ಣ ನಾನೇ ತರುತ್ತೇನೆ. ತಂಗಿ ಮಗ ಬ್ರಷ್ ಹಿಡಿಯಲು ಈಗಲೇ ರೆಡಿ.

– ಒಬ್ಬ ಓದುಗ, ಕೋಲಾರ