ಭಾನುವಾರ ತೆರೆಯದ ಮಠಕ್ಕೆ ಭಾನುವಾರವೇ ಕರೆದೊಯ್ದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ತೀರ್ಥಯಾತ್ರಾ ವಿಭಾಗ

ವಿಷಯ: ಜನವರಿಯ ಈಜಿಪ್ಟ್–ಜೋರ್ಡಾನ್ ಯಾತ್ರೆಯ ಸೀನಾಯಿ ಭಾಗದಲ್ಲಿ ಆದ ಸೇವಾಲೋಪ, ಹಣ ವಾಪಸಾತಿ ಹಾಗೂ ಒಂಟೆಯವರ ಬಾಕಿ ಕುರಿತು

ಮಾನ್ಯರೇ,

ಜನವರಿಯಲ್ಲಿ ನಿಮ್ಮ ಸಂಸ್ಥೆ ಏರ್ಪಡಿಸಿದ್ದ ಹತ್ತು ದಿನಗಳ ಯಾತ್ರೆಗೆ ನಾನು, ನನ್ನ ಗಂಡ ಮತ್ತು 76 ವರ್ಷದ ನನ್ನ ಅತ್ತೆ ಉಡುಪಿಯಿಂದ ಬಂದಿದ್ದೆವು. ತಲಾ 1,62,000 ರೂಪಾಯಿಯಂತೆ ಮೂವರ ಹಣವನ್ನೂ ಎರಡು ತಿಂಗಳು ಮುಂಚಿತವಾಗಿ ಕಟ್ಟಿದ್ದೆವು. ಊರಿಗೆ ಮರಳಿದ ಮೇಲೆ ನಿಮ್ಮ ಕಚೇರಿಗೆ ಎರಡು ಬಾರಿ ಫೋನ್ ಮಾಡಿದೆ. ಎರಡು ಸಲವೂ ಸಿಕ್ಕಿದ್ದು ಒಂದೇ ಉತ್ತರ: “ಮಠ ಅನಿರೀಕ್ಷಿತವಾಗಿ ಮುಚ್ಚಿತ್ತು, ನಮ್ಮ ಕೈಯಲ್ಲಿ ಏನೂ ಇರಲಿಲ್ಲ.” ಈ ಉತ್ತರ ನಿಜವಲ್ಲ. ಅದಕ್ಕಾಗಿಯೇ ಬರವಣಿಗೆಯಲ್ಲಿ ದೂರು ಕೊಡುತ್ತಿದ್ದೇನೆ.

ಸೀನಾಯಿ ಬೆಟ್ಟದ ಬುಡದಲ್ಲಿರುವ ಸಂತ ಕ್ಯಾಥರೀನ್ ಮಠ ಭಾನುವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ. ತೆರೆಯುವ ದಿನಗಳಲ್ಲೂ ಬೆಳಿಗ್ಗೆ ಕೆಲವೇ ಗಂಟೆ ಪ್ರವೇಶ. ಅದು ನೋಡಿಕೊಂಡು ಹೋಗುವ ವಸ್ತುಸಂಗ್ರಹಾಲಯವಲ್ಲ. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಆ ಗೋಡೆಗಳ ಒಳಗೆ ಗ್ರೀಕ್ ಆರ್ಥೊಡಾಕ್ಸ್ ಸನ್ಯಾಸಿಗಳು ಇಂದಿಗೂ ಬಾಳುತ್ತಿದ್ದಾರೆ, ಭಾನುವಾರ ಅವರ ಆರಾಧನೆಯ ದಿನ. ಅವರ ಮೇಲೆ ನನ್ನ ದೂರಿಲ್ಲ. ಆದರೆ ಆ ದಾರಿಯಲ್ಲಿ ಯಾತ್ರಿಕರನ್ನು ಕರೆದೊಯ್ಯುವವರಿಗೆ ಇದು ಮೊದಲು ಗೊತ್ತಿರಬೇಕಾದ ಸಂಗತಿ. ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ “ಭಾನುವಾರ: ಬೆಟ್ಟ ಇಳಿದ ನಂತರ ಮಠದ ದರ್ಶನ, ಉರಿಯುವ ಪೊದೆ” ಎಂದು ಅಚ್ಚಾಗಿದೆ. ಹಣ ಕಟ್ಟುವ ದಿನ ನಿಮ್ಮ ಸಿಬ್ಬಂದಿ “ಭಾನುವಾರವೇ ಸೀನಾಯಿಯಲ್ಲಿರುತ್ತೀರಿ, ಎಂಥ ಭಾಗ್ಯ!” ಎಂದಿದ್ದರು. ಆ ಮಾತು ಕೇಳಿ ನಾವು ಸಂತೋಷಪಟ್ಟಿದ್ದೆವು.

ನನ್ನ ಅತ್ತೆ ಬೆಟ್ಟ ಹತ್ತಲು ಬಂದವರಲ್ಲ. ಅವರು ಬಂದದ್ದು ಮಠದೊಳಗಿರುವ ಆ ಪೊದೆಗಾಗಿ. ನಲವತ್ತು ವರ್ಷ ಸಂಡೇ ಸ್ಕೂಲಿನ ಮಕ್ಕಳಿಗೆ ಬೈಬಲಿನ ವಿಮೋಚನಕಾಂಡದ ಮೂರನೆಯ ಅಧ್ಯಾಯವನ್ನು ಕಲಿಸಿದವರು. ಬೆಂಕಿ ಹೊತ್ತಿಯೂ ಸುಟ್ಟುಹೋಗದ ಪೊದೆ, ಕೆರ ಬಿಚ್ಚಿ ನಿಂತ ಮೋಶೆ, ಇದನ್ನು ಹೇಳುವಾಗ ಈಗಲೂ ಅವರ ದನಿ ಬದಲಾಗುತ್ತದೆ. ಆ ಬೆಳಿಗ್ಗೆ ಬಸ್ಸು ಇಳಿದು ಗೋಡೆಯ ಹತ್ತಿರ ಬಂದೊಡನೆ ಅವರು ಒಂದು ಕಲ್ಲಿನ ಮೇಲೆ ಕುಳಿತು ಬೂಟು ಬಿಚ್ಚಿದರು. ಕಾಲುಚೀಲಗಳನ್ನು ಮಡಿಸಿ ಬೂಟಿನೊಳಗೆ ಇಟ್ಟರು. ಬೂಟುಗಳನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ನನ್ನ ತೋಳು ಹಿಡಿದು ಬಾಗಿಲ ಮುಂದೆ ನಿಂತರು. ನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಬಾಗಿಲು ತೆರೆಯುವುದಿಲ್ಲ ಎಂದು ಕಾವಲಿನವರು ಕೈಯಾಡಿಸಿ ಹೇಳಿದ ಮೇಲೂ ಅವರು ಐದು ನಿಮಿಷ ಹಾಗೆಯೇ ನಿಂತಿದ್ದರು. ನಿಮ್ಮ ಟೂರ್ ಮ್ಯಾನೇಜರ್ ಬಂದು “ಅಮ್ಮಾ, ಹೊರಗಿನಿಂದಲೇ ಫೋಟೊ ತೆಗೆಯೋಣ” ಎಂದರು. ಒಂದು ದಿನ ಹಿಂದೆ ಮುಂದೆ ಮಾಡಿದ್ದರೆ ಮುಗಿಯುತ್ತಿದ್ದ ವಿಷಯ ಇದು.

ಆ ಒಂದು ದಿನ ಹೇಗೆ ಕಳೆಯಿತು ಎಂಬುದನ್ನೂ ಹೇಳಬೇಕು. ಶನಿವಾರ ಬೆಳಿಗ್ಗೆ ಏಳಕ್ಕೆ ಕೈರೋ ಬಿಡಬೇಕಿತ್ತು. ಬಿಟ್ಟದ್ದು ಮಧ್ಯಾಹ್ನ ಹನ್ನೆರಡೂವರೆಗೆ. ನಡುವಿನ ಹೊತ್ತು ಒಂದು ಪೇಪಿರಸ್ ಅಂಗಡಿಯಲ್ಲೂ ಒಂದು ಸುಗಂಧ ತೈಲದ ಅಂಗಡಿಯಲ್ಲೂ ಹೋಯಿತು. ಎರಡೂ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇದ್ದದ್ದು ಸೂಯೆಜ್ ಕಾಲುವೆ ದಾಟಿದ ಮೇಲೆ ಸಿಗುವ ಮೋಶೆಯ ಬುಗ್ಗೆಗಳು, ಮತ್ತು ರೆಫೀದೀಮ್ ಎಂದು ಪರಂಪರೆ ಗುರುತಿಸುವ ವಾದಿ ಫೈರಾನ್ ಕಣಿವೆಯ ಖರ್ಜೂರದ ತೋಪು. ಬುಗ್ಗೆಗಳ ಹತ್ತಿರ ಬರುವಾಗ ಕತ್ತಲಾಗಿತ್ತು, ಬಸ್ಸು ನಿಲ್ಲಲಿಲ್ಲ. ಫೈರಾನ್ ದಾಟುವಾಗ ಗುಂಪಿನ ಅರ್ಧ ಜನ ನಿದ್ದೆಯಲ್ಲಿದ್ದರು. ನಾನು ಕಿಟಕಿಗೆ ಹಣೆ ಒತ್ತಿ ನೋಡಿದೆ, ಹೆಡ್‌ಲೈಟಿನ ಬೆಳಕಿಗೆ ನಾಲ್ಕು ಮರದ ಬುಡ ಕಂಡಿತು. ಇಸ್ರಾಯೇಲ್ಯರು ನೀರಿಗಾಗಿ ಗೊಣಗಿದ ಜಾಗ, ಬಂಡೆಯಿಂದ ನೀರು ಬಂದ ಜಾಗ ಎಂದು ಮನೆಯಲ್ಲಿ ಓದಿಕೊಂಡು ಬಂದಿದ್ದೆ. (ಇವೇ ಆ ಜಾಗಗಳೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಬೆಟ್ಟದ ಬಗ್ಗೆಯೂ ಇಲ್ಲ. ಅದು ನನಗೆ ಗೊತ್ತು, ಅದು ನನ್ನ ದೂರಲ್ಲ. ಶತಮಾನಗಳಿಂದ ಯಾತ್ರಿಕರು ಮೊಣಕಾಲೂರಿದ ನೆಲ ನನಗೆ ಸಾಕು.)

ಬೆಟ್ಟದ ವಿಷಯ. ನಿಮ್ಮ ಸೂಚನಾ ಹಾಳೆಯಲ್ಲಿ “ಮರುಭೂಮಿ ಪ್ರದೇಶ, ಹತ್ತಿ ಬಟ್ಟೆ, ಟೋಪಿ, ತಂಪು ಕನ್ನಡಕ ತನ್ನಿ” ಎಂದಿತ್ತು. ಜೆಬೆಲ್ ಮೂಸಾ ಎಂದು ಕರೆಯುವ ಆ ಸೀನಾಯಿ ಬೆಟ್ಟದ ಎತ್ತರ 2,285 ಮೀಟರ್, ಜನವರಿಯ ರಾತ್ರಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಹತ್ತಿ ಅಂಗಿಯ ಮೇಲೆ ತೆಳುವಾದ ಸ್ವೆಟರ್ ಹಾಕಿಕೊಂಡ 34 ಜನರನ್ನು ನೀವು ರಾತ್ರಿ ಒಂದೂವರೆಗೆ ಆ ಬೆಟ್ಟ ಹತ್ತಿಸಿದಿರಿ. ಒಂಟೆ ದಾರಿ ಮುಗಿದ ಮೇಲೆ ಕೊನೆಯ ಸುಮಾರು 750 ಕಲ್ಲಿನ ಮೆಟ್ಟಿಲುಗಳನ್ನು ನಡೆದೇ ಹತ್ತಬೇಕು. ಟೂರ್ ಮ್ಯಾನೇಜರ್ ಹುಡುಗರ ಜತೆ ಮುಂದೆ ಹೋಗಿಬಿಟ್ಟರು. ಇಡೀ ಗುಂಪಿಗೆ ಸ್ಥಳೀಯ ಮಾರ್ಗದರ್ಶಿ ಇದ್ದದ್ದು ಒಬ್ಬರೇ, ಜೆಬಲಿಯಾ ಪಂಗಡದ ಬೆದೂಯಿನ್ ಹಿರಿಯರು. ಹಿಂದೆ ಉಳಿದ ಮೂವರು ಹೆಂಗಸರಿಗಾಗಿ ಅವರು ತುದಿಯಿಂದ ಮತ್ತೆ ಇಳಿದು ಬಂದರು. ನನ್ನ ಕೈ ನಡುಗುವುದನ್ನು ಕಂಡು ತಮ್ಮ ಕಂಬಳಿಯನ್ನು ತೆಗೆದು ನನಗೆ ಹೊದಿಸಿದರು, ಬೆಳಕು ಹರಿಯುವ ತನಕ ವಾಪಸು ಕೇಳಲಿಲ್ಲ. ಸೂರ್ಯ ಹುಟ್ಟಿ ಆ ಕೆಂಪು ಕಲ್ಲಿನ ಬೆಟ್ಟಸಾಲು ಬಣ್ಣ ಬದಲಿಸಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅದಕ್ಕೆ ನಾನು ಋಣಿಯಾಗಿರುವುದು ಆ ಹಿರಿಯರಿಗೆ.

ಒಂಟೆಯವರ ಬಾಕಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದೆ. “ಬಯಸಿದವರಿಗೆ ಒಂಟೆ ಸವಾರಿ ಶುಲ್ಕದಲ್ಲಿ ಸೇರಿದೆ” ಎಂದು ನೀವು ಬರೆದಿದ್ದಿರಿ. ಮಂಡಿ ಶಸ್ತ್ರಚಿಕಿತ್ಸೆಯಾಗಿರುವ ನನ್ನ ಗಂಡನೂ ಸೇರಿ ಆರು ಜನ ಒಂಟೆ ಏರಿದರು. ಬೆಳಿಗ್ಗೆ ಒಂಟೆಯವರು ಬಾಡಿಗೆ ಕೇಳಲು ಬಸ್ಸಿನ ಹತ್ತಿರ ಬಂದರೆ, ಕೈರೋದಲ್ಲಿ ಏಜೆಂಟರಿಗೆ ಕೊಟ್ಟಾಗಿದೆ ಎಂದು ನಿಮ್ಮವರು ಬಾಗಿಲು ಹಾಕಿಸಿದರು. ನಾವು ನಾವೇ ಹಣ ಕೂಡಿಸಿ ನಾಲ್ವರಿಗೆ ಕೊಟ್ಟೆವು. ಇಬ್ಬರು ಬರಿಗೈಯಲ್ಲಿ ನಿಂತಿದ್ದಂತೆ ಬಸ್ಸು ಹೊರಟಿತು. ಅವರಲ್ಲೊಬ್ಬನಿಗೆ ಹದಿನೈದು ವರ್ಷವೂ ಇರಲಿಕ್ಕಿಲ್ಲ.

ಜೋರ್ಡಾನಿನ ನಾಲ್ಕು ದಿನಗಳ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿನ ಮಾರ್ಗದರ್ಶಿ ಮಾದಬಾದ ಚರ್ಚಿನ ನೆಲದ ಮೇಲಿನ ಆರನೆಯ ಶತಮಾನದ ಮೊಸಾಯಿಕ್ ನಕ್ಷೆಯಲ್ಲಿ ಯೆರೂಸಲೇಮನ್ನು ಕೋಲಿನಿಂದ ತೋರಿಸಿ, ಅತ್ತೆಗೆ ಅರ್ಥವಾಗುವ ತನಕ ಕಾದು ಹೇಳಿದರು. ಮೋಶೆ ವಾಗ್ದಾನದ ದೇಶವನ್ನು ದೂರದಿಂದ ಕಂಡ ನೆಬೋ ಬೆಟ್ಟದ ಮೇಲೆ ನಿಂತು ಅತ್ತೆ, “ಮೋಶೆಗೂ ಇಲ್ಲಿಂದ ನೋಡುವುದಕ್ಕಷ್ಟೇ ಆಯಿತು, ಒಳಗೆ ಹೋಗುವುದಕ್ಕೆ ಆಗಲಿಲ್ಲವಲ್ಲ ಮಗಳೇ” ಎಂದರು. ಅದು ನನ್ನ ಸಮಾಧಾನಕ್ಕೆ ಆಡಿದ ಮಾತು. ಅದನ್ನು ನಿಮಗೆ ಕೊಟ್ಟ ಕ್ಷಮೆ ಎಂದು ತಿಳಿಯಬೇಡಿ. ಅವರು ಇನ್ನೊಮ್ಮೆ ಅಲ್ಲಿಗೆ ಹೋಗುವ ವಯಸ್ಸಿನಲ್ಲಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಸೀನಾಯಿಯ ಎರಡು ದಿನಗಳ ವೆಚ್ಚವನ್ನು ಮೂವರಿಗೂ ಹಿಂತಿರುಗಿಸಬೇಕು, ಮಠ “ಅನಿರೀಕ್ಷಿತವಾಗಿ” ಮುಚ್ಚಿತ್ತು ಎಂಬ ಹೇಳಿಕೆಯನ್ನು ಲಿಖಿತವಾಗಿ ಹಿಂಪಡೆಯಬೇಕು. ಮುಂದಿನ ತಂಡದ ಪಟ್ಟಿಯಲ್ಲಿ ದಿನವನ್ನೂ ಬಟ್ಟೆಯ ಸೂಚನೆಯನ್ನೂ ಈಗಲೇ ತಿದ್ದಿ; ಅವರಲ್ಲೂ ಯಾರಾದರೂ ಹಿರಿಯರು ಇರುತ್ತಾರೆ. ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸುತ್ತೇನೆ. ರಸೀದಿ, ಕಾರ್ಯಕ್ರಮ ಪಟ್ಟಿ, ಸೂಚನಾ ಹಾಳೆಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಆ ಇಬ್ಬರು ಒಂಟೆಯವರ ಬಾಡಿಗೆಗೆ ಮಾತ್ರ 15 ದಿನ ಕಾಯಬೇಡಿ. ನಿಮ್ಮ ಅಲ್ಲಿನ ಏಜೆಂಟರ ಮೂಲಕ ಕೂಡಲೇ ತಲುಪಿಸಿ, ತಲುಪಿದ ರಸೀದಿಯ ಪ್ರತಿಯನ್ನು ನನಗೆ ಕಳುಹಿಸಿ.

ಇಂತಿ,
ತಮ್ಮ ಜನವರಿ ತಂಡದ ಯಾತ್ರಿಕಳು,
ನಿವೃತ್ತ ಶಿಕ್ಷಕಿ, ಉಡುಪಿ